ಅಜ್ಟೆಕರ ನಾಡಿನಲ್ಲಿ ಒಂದು ಹರಕೆ ನಾಯಿ

ಅರವತ್ತಮೂರು ವರ್ಷ ಯಾವ ಪೊಲೀಸಿನವನ ಬಾಯಿಗೂ ಬೀಳದೆ ಬದುಕಿದವನು ನಾನು. ಅಂಥವನು ಮೆಕ್ಸಿಕೋ ದೇಶಕ್ಕೆ ಹೋದ ಮೂರನೇ ದಿನವೇ, ಸುಮಾರು ಎರಡು ಸಾವಿರ ವರ್ಷ ಹಳೆಯ ಪಿರಮಿಡ್ಡಿನ ಬುಡದಲ್ಲಿ ಮಣ್ಣು ಕೆದಕುತ್ತಾ ಸಿಕ್ಕಿಬಿದ್ದೆ. ಕಾವಲುಗಾರ ಊದಿದ ಸೀಟಿ ಈಗಲೂ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಊರಿನಲ್ಲಿ ಎಲ್ಲರೂ ಕೇಳುವುದು ಪಿರಮಿಡ್ಡು ಎಷ್ಟು ಎತ್ತರ, ಅಲ್ಲಿ ಊಟಕ್ಕೆ ಅನ್ನ ಸಿಗುತ್ತದಾ ಎಂದು. ನನಗೆ ಹೇಳಬೇಕೆನಿಸುವುದು ಆ ಸೀಟಿಯ ಕಥೆ. ಅದನ್ನು ನಮ್ಮ ಮನೆಯ ನಾಯಿಯಿಂದಲೇ ಶುರು ಮಾಡಬೇಕು.

ನಾವು ಕುಂಬಾರರು. ಅಜ್ಜ ಹಾಸನದ ಕಡೆಯಿಂದ ಬಂದು, ಹೊಳೆದಂಡೆಯ ಮಣ್ಣು ಚೆನ್ನಾಗಿದೆಯೆಂದು ಕುಶಾಲನಗರದ ಹತ್ತಿರ ನಿಂತವರು. ಮೂರ್ನಾಡಿನ ಆಚೆ ಒಂದು ದೇವರಕಾಡಿದೆ. ಅಲ್ಲಿಯ ಅಯ್ಯಪ್ಪ ಬೇಟೆಯ ದೇವರು. ಹರಕೆ ಹೊತ್ತವರು ಅವನಿಗೆ ಮಣ್ಣಿನ ನಾಯಿ ಒಪ್ಪಿಸುತ್ತಾರೆ. ಒಪ್ಪಿಸಿದ ಮೇಲೆ ಆ ನಾಯಿ ಮಳೆಗೆ ನೆನೆದು, ಪಾಚಿ ಕಟ್ಟಿ, ಒಡೆದು ಮತ್ತೆ ಮಣ್ಣಾಗಬೇಕು. ಯಾರೂ ಮುಟ್ಟುವಂತಿಲ್ಲ. ಈ ನಾಯಿಗಳನ್ನು ಅಜ್ಜ ಮಾಡಿದರು, ಅಪ್ಪ ಮಾಡಿದರು. ಹೆಂಗಸರು ಚಕ್ರ ಮುಟ್ಟಬಾರದು ಅನ್ನುವವರ ಮಾತನ್ನು ಕಿವಿಗೇ ಹಾಕಿಕೊಳ್ಳದೆ ನನ್ನ ಅಕ್ಕ ಜಯಮ್ಮ ಮಾಡಿದಳು.

ನಾನು ಕೈಯ ಮಣ್ಣು ತೊಳೆದುಕೊಂಡು ಪೆನ್ಸಿಲ್ ಹಿಡಿದೆ. ಶನಿವಾರಸಂತೆ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಡ್ರಾಯಿಂಗ್ ಮೇಷ್ಟ್ರು. ನನ್ನ ಕ್ಲಾಸಿನ ಕಾನೂನು ಒಂದೇ: ನೋಡಿ ಬರೆದರೆ ಸೊನ್ನೆ. ಬೆಂಚಿನ ಕೆಳಗೆ ಕ್ಯಾಲೆಂಡರ್ ಬಚ್ಚಿಟ್ಟುಕೊಂಡು ಬರೆಯುವ ಮಕ್ಕಳಿಂದ ಅದನ್ನು ಕಿತ್ತುಕೊಂಡು, ಅದರ ಮೇಲೇ ಸೊನ್ನೆ ಹಾಕುತ್ತಿದ್ದೆ. ಕಿತ್ತುಕೊಂಡದ್ದನ್ನು, ಪುಸ್ತಕಕ್ಕೆ ರಟ್ಟು ಹಾಕಿಕೊಳ್ಳಲಿ ಎಂದು ಅಕ್ಕನ ಮಗಳು ರೂಪಾಳಿಗೆ ಕೊಡುತ್ತಿದ್ದೆ. ಸ್ವಂತ ಕಲ್ಪನೆ ಇಲ್ಲದವನು ಕಲಾವಿದನೇ ಅಲ್ಲ ಎಂದು ಎಷ್ಟು ಮಕ್ಕಳ ಮುಂದೆ ಭಾಷಣ ಬಿಗಿದಿದ್ದೇನೋ, ದೇವರಿಗೇ ಗೊತ್ತು.

ಅಪ್ಪ ಹೋದ ಮೇಲೆ ಅಕ್ಕನಿಗೆ ಒಂದು ಕಷ್ಟ ಗಂಟುಬಿತ್ತು. ಅವಳ ನಾಯಿಗಳ ಕಿವಿ ಆವಿಗೆಯಲ್ಲಿ ಬೇಯುವಾಗ ಬಿರುಕು ಬಿಟ್ಟು ಉದುರುತ್ತಿದ್ದವು. ಊನವಾದ ನಾಯಿಯನ್ನು ದೇವರಿಗೆ ಒಪ್ಪಿಸುವ ಹಾಗಿಲ್ಲ. ಕಿವಿ ಕೂರಿಸುವ ವಿದ್ಯೆಯನ್ನು ಅಪ್ಪ ಮಕ್ಕಳಿಗಿರಲಿ, ಕೈಹಿಡಿದ ಹೆಂಡತಿಗೂ ತೋರಿಸಿರಲಿಲ್ಲ. ವರ್ಷ ವರ್ಷ ನಾಯಿ ಕಮ್ಮಿಯಾಗುತ್ತಾ ಬಂದಾಗ ದೇವರಕಾಡಿನ ಕಮಿಟಿಯ ಕಾರ್ಯದರ್ಶಿ ಬೋಪಯ್ಯನವರು ನನ್ನನ್ನು ಕರೆಸಿ, “ಎಂಥ ಮಾಡುದು ಮೇಷ್ಟ್ರೇ, ನೀವೇ ಒಂದು ಹೊಸ ನಾಯಿ ಬರೆದುಕೊಡಿ. ಅಚ್ಚು ಮಾಡಿಸಿ ಎರೆಸಿಬಿಡುವ,” ಅಂದರು. ನಾನು ಬರೆದೆ. ಎದೆ ಉಬ್ಬಿಸಿ, ಎರಡು ಕಿವಿ ನಿಗುರಿಸಿ, ನಾಲಗೆ ಚಾಚಿ, ಮುಂದಿನ ಎಡಗಾಲನ್ನು ಒಂದು ಹೆಜ್ಜೆ ಮುಂದಿಟ್ಟ ನಾಯಿ. ನಮ್ಮ ಮನೆಯಲ್ಲಿ ಮಾಡುತ್ತಿದ್ದ ಗಿಡ್ಡ, ಗುಂಡುಕಣ್ಣಿನ, ಮೊಂಡುಮೂತಿಯ ನಾಯಿಗೂ ಇದಕ್ಕೂ ಅಜಗಜಾಂತರ. ಕಮಿಟಿಯಲ್ಲಿ ಚಿತ್ರ ಬಿಚ್ಚಿದಾಗ ಎಲ್ಲರೂ ಭೇಷ್ ಅಂದರು.

ಅದೇ ಸಭೆಗೆ ಅಕ್ಕ ಒಂದು ಗೋಣಿಚೀಲ ಹಿಡಿದು ಬಂದಳು. ಒಳಗೆ ದೇವರಕಾಡಿನ ರಾಶಿಯಿಂದ ಎತ್ತಿಕೊಂಡ ಒಂದು ಹಳೆಯ ನಾಯಿ, ಅಪ್ಪನ ಕೈಯದು. ಇದನ್ನು ಒಡೆದು ಕಿವಿ ಹೇಗೆ ಕೂರಿಸಿದ್ದಾರೆಂದು ನೋಡಿಕೊಳ್ಳುತ್ತೇನೆ, ಅಪ್ಪಣೆ ಕೊಡಿ ಎಂದು ಕೇಳಲು ಬಂದಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು. ಎದ್ದು ನಿಂತು, ಇಪ್ಪತ್ತು ಜನರ ಮುಂದೆ, “ದೇವರಿಗೆ ಕೊಟ್ಟಿದ್ದನ್ನ ಎತ್ಕೊಂಡು ಬಂದಿದ್ದೀಯಲ್ಲ, ನಾಚ್ಕೆ ಆಗಲ್ವಾ? ಸ್ವಂತಕ್ಕೆ ಆಗ್ಲಿಲ್ಲ ಅಂತ ನೋಡಿ ಮಾಡೋದು, ಕದ್ದು ಮಾಡೋದು. ಇದು ಕಳ್ಳತನ,” ಅಂದುಬಿಟ್ಟೆ. ಅಕ್ಕ ಮೇಜಿನ ಮೇಲಿದ್ದ ನನ್ನ ಚಿತ್ರವನ್ನು ಸುಮಾರು ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ನಾಯಿಯನ್ನು ತಂದ ಜಾಗದಲ್ಲೇ ಇಟ್ಟು ಮನೆಗೆ ಹೋದಳು. ಅವತ್ತಿನಿಂದ ಚಕ್ರ ತಿರುಗಿಸಲಿಲ್ಲ, ನನ್ನೊಡನೆ ಮಾತೂ ಆಡಲಿಲ್ಲ.

ಅವಳ ಮನಸ್ಸು ಬದಲಾಗಲಿ ಎಂದು ಕಮಿಟಿ ಎರಡು ವರ್ಷ ಕಾಯಿತು. ಈ ಸಲ ಬೋಪಯ್ಯನವರು ಖಡಾಖಂಡಿತವಾಗಿ ಹೇಳಿದರು: ಮೆಕ್ಸಿಕೋದಿಂದ ಬಂದ ಕೂಡಲೇ ಕೊನೆಯ ಚಿತ್ರ ಕೊಡಿ, ಅಚ್ಚು ಎರೆಸುತ್ತೇವೆ. ಒಮ್ಮೆ ಅಚ್ಚಾದರೆ ಅಕ್ಕನ ಚಕ್ರ ಒಲೆಗೆ ಸೌದೆ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಚಿತ್ರವನ್ನು ಫೈಲಿನಲ್ಲಿಟ್ಟುಕೊಂಡು, ಅಲ್ಲೇ ಕೂತು ತಿದ್ದಿ ಮುಗಿಸೋಣವೆಂದು ವಿಮಾನ ಹತ್ತಿದೆ.

ಮೆಕ್ಸಿಕೋ ನಗರ: ಬೆಟ್ಟದವನ ಉಸಿರು

ಕರೆದುಕೊಂಡು ಹೋದವಳು ಅದೇ ರೂಪಾ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕಾಫಿಯ ರುಚಿ ನೋಡುವುದು ಅವಳ ಕೆಲಸ. ಹತ್ತು ಲೋಟದ ಕಾಫಿ ಸಾಲಾಗಿಟ್ಟರೆ ಯಾವುದು ಪಾಲಿಬೆಟ್ಟದ್ದು, ಯಾವುದು ಹೊರಗಿನದು ಎಂದು ಹೇಳುತ್ತಾಳೆ. ಅವಳಿಗೆ ಅಲ್ಲಿ ಒಂದು ವಾರದ ತರಬೇತಿಯಿತ್ತು. “ಮಾವ, ಕಲೆ ಕಲೆ ಅಂತ ಬಡ್ಕೊಳ್ತೀರಲ್ಲ, ಬನ್ನಿ, ನೋಡಿ,” ಎಂದು ಎಳೆದುಕೊಂಡು ಹೋದಳು. ಅವಳ ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಮಗಳು ಬಿಟ್ಟಿಲ್ಲ. ಆ ವಿಷಯವನ್ನು ಎತ್ತುವುದೂ ಇಲ್ಲ.

“ಎತ್ತರದ ಊರು ಮಾವ, ಮೆಲ್ಲಗೆ ನಡೀರಿ,” ಅಂದಳು. ನಾನು ಕೊಡಗಿನವನು, ನನಗೆ ಎತ್ತರ ಹೇಳಿಕೊಡುತ್ತಾಳಲ್ಲ ಎಂದು ನಗು ಬಂತು. ಮಡಿಕೇರಿಯ ಮೇಲೆ ಇನ್ನೊಂದು ಮಡಿಕೇರಿ ಇಟ್ಟಷ್ಟು ಎತ್ತರ ಆ ಊರು. ಹೋಟೆಲಿನ ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಮೆಟ್ಟಿಲ ಮೇಲೇ ಕೂತೆ. ಹೋಟೆಲಿನ ಹೆಂಗಸು ಕುರ್ಚಿ ತಂದು, ಏನೋ ಮಂತ್ರ ಹೇಳುತ್ತಾ ರಟ್ಟಿನಿಂದ ಗಾಳಿ ಹಾಕಿದಳು. ಬೆಟ್ಟದವನ ಜಂಬ ಅಲ್ಲಿಗೆ ಇಳಿಯಿತು.

ಬೆಳಗಿನ ತಿಂಡಿಗೆ ಬಂದ ಮುಸುಕಿನ ಜೋಳದ ರೊಟ್ಟಿ ನಮ್ಮ ಅಕ್ಕಿರೊಟ್ಟಿಯ ತಂಗಿಯಂತಿತ್ತು. ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬೂ ಬಂತು. ಇದೇನು ನಮ್ಮ ಮನೆಯೇ ಎಂದು ಖುಷಿಯಲ್ಲಿ ಪಕ್ಕದ ಬಟ್ಟಲಿನ ಗರಿಗರಿ ಪದಾರ್ಥ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಹುಳಿ, ಉಪ್ಪು, ಖಾರ, ಚೆನ್ನಾಗಿಯೇ ಇತ್ತು. ಎರಡನೇ ಹಿಡಿಗೆ ಕೈ ಹಾಕಿದಾಗ ಅದಕ್ಕೆ ಕಾಲುಗಳಿದ್ದವು. ಹುರಿದ ಮಿಡತೆ! ಎದುರು ಕೂತ ರೂಪಾ ನನ್ನ ಮುಖ ನೋಡಿ ನಗುವ ಭರದಲ್ಲಿ, ದಾಲ್ಚಿನ್ನಿ ಹಾಕಿದ ಕಾಫಿಯನ್ನು ಅಭ್ಯಾಸಬಲದಿಂದ ಸುರ್ರೆಂದು ಸದ್ದು ಮಾಡಿ ಹೀರಿ, ಪಕ್ಕದ ಖಾಲಿ ಲೋಟಕ್ಕೆ ಉಗಿದಳು. ಅವಳ ಕೆಲಸದಲ್ಲಿ ಅದು ಕ್ರಮ. ಬಡಿಸುವವನು ಕಾಫಿಯಲ್ಲಿ ಏನೋ ಬಿದ್ದಿದೆಯೆಂದು ಹೆದರಿ ಓಡಿಬಂದ. ಬೆಳಗ್ಗೆ ಎಂಟು ಗಂಟೆಗೇ ಮೂರು ಜನ ಬೆಚ್ಚಿಬಿದ್ದಿದ್ದೆವು.

ಮ್ಯೂಸಿಯಂ: ಚಪ್ಪಲಿ ಬಿಟ್ಟ ಜಾಗ

ಮಾರನೇ ದಿನ ಮ್ಯೂಸಿಯಮ್ಮಿಗೆ ಹೋದೆವು. ಸ್ಪೇನಿನವರು ಬಂದು ಕೆಡವುವ ಮೊದಲು ಆ ಕಣಿವೆಯನ್ನು ಆಳಿದವರು ಅಜ್ಟೆಕರು. ಅವರ ಭಾಗಕ್ಕೆ ಕಾಲಿಟ್ಟವನು ಒಂದು ವಿಗ್ರಹದ ಮುಂದೆ ಗಕ್ಕನೆ ನಿಂತೆ.

ಅದು ಒಬ್ಬಳು ತಾಯಿ. ನನ್ನ ಎರಡರಷ್ಟಲ್ಲದಿದ್ದರೂ ಒಂದೂವರೆಯಷ್ಟಂತೂ ಎತ್ತರ. ಉಟ್ಟ ಲಂಗ ಹೆಣೆದುಕೊಂಡ ಹಾವುಗಳದು. ಕೊರಳಲ್ಲಿ ಮನುಷ್ಯರ ಕೈ, ಹೃದಯ ಪೋಣಿಸಿದ ಹಾರ, ನಡುವೆ ಬುರುಡೆಯ ಪದಕ. ತಲೆಯಿರಬೇಕಾದ ಕಡೆ ತಲೆಯಿಲ್ಲ. ಕುತ್ತಿಗೆಯಿಂದ ಎದ್ದ ಎರಡು ಹಾವುಗಳು ಮುಖಾಮುಖಿಯಾಗಿ ನಿಂತು, ಅವೆರಡೂ ಸೇರಿ ಒಂದು ಮುಖವಾಗಿದೆ. ಹೆದರಿಕೆಯಾಯಿತು, ನಿಜವಾದ ಹೆದರಿಕೆ. ನನಗೇ ತಿಳಿಯದೆ ಚಪ್ಪಲಿ ಕಳಚಿ ಕೈಮುಗಿದು ನಿಂತಿದ್ದೆ. ಕಾವಲಿನ ಹೆಂಗಸು ಬಂದು ಚಪ್ಪಲಿಯನ್ನೂ ನನ್ನನ್ನೂ ನೋಡಿ, ಹಾಕಿಕೊಳ್ಳಿ ಎಂದು ಸನ್ನೆ ಮಾಡಿದಳು.

“ನೋಡು ರೂಪಾ, ಇದನ್ನ ಯಾರ ಹತ್ರ ನೋಡಿ ಮಾಡೋಕೆ ಆಗುತ್ತೆ? ಇದು ಸ್ವಂತ ತಲೆ,” ಎಂದು ಶುರು ಮಾಡಿದೆ. ಪಕ್ಕದಲ್ಲಿ ಕೆಂಪುಕಲ್ಲಿನ ಒಂದು ಮಿಡತೆ, ನಿನ್ನೆ ತಿಂದದ್ದೇ, ಕಾಲು ಮಡಚಿ ಇನ್ನೇನು ಹಾರುತ್ತದೆ. ಕಲ್ಲಿನ ಕುಂಬಳಕಾಯಿ. ಕಲ್ಲಿನ ನಾಯಿ. “ಈ ಜನ ಯಾರನ್ನೂ ಕಾಪಿ ಹೊಡೆದವರಲ್ಲ. ನಾನು ಇಪ್ಪತ್ತೆಂಟು ವರ್ಷ ಹೇಳಿದ್ದು ಇದನ್ನೇ.” ಮ್ಯೂಸಿಯಮ್ಮಿನ ಬೆಂಚಿನಲ್ಲಿ ಕೂತು ಫೈಲು ತೆರೆದು ನನ್ನ ನಾಯಿಯ ಎದೆಯನ್ನು ಇನ್ನಷ್ಟು ಉಬ್ಬಿಸಿದೆ. ರೂಪಾ ಬಗ್ಗಿ ನೋಡಿ, “ಅಮ್ಮಂಗೆ ಹೇಳಿದ್ದೀರಾ, ಅಚ್ಚು ಹಾಕಿಸೋದು?” ಎಂದು ಕೇಳಿದಳು. ಇಲ್ಲ ಅಂದೆ. ಅವಳು ನೀರಿನ ಬಾಟಲಿ ತರಲು ಎದ್ದು ಹೋದಳು.

ತಿಯೋತಿವಾಕಾನ್: ಸೀಟಿ

ಶನಿವಾರ ತಿಯೋತಿವಾಕಾನ್ ಎಂಬ ಹಾಳು ಪಟ್ಟಣಕ್ಕೆ ಹೋದೆವು. ಊರಿಂದ ಬಸ್ಸಿನಲ್ಲಿ ಒಂದು ಗಂಟೆ. ನೇರವಾದ ದೊಡ್ಡ ಬೀದಿ, ಇಕ್ಕೆಲದಲ್ಲಿ ಕಲ್ಲಿನ ಜಗಲಿಗಳು, ಬೆಟ್ಟದಂಥ ಎರಡು ಪಿರಮಿಡ್ಡುಗಳು. ಇಡೀ ಊರಿನಲ್ಲಿ ಒಂದು ಮನೆಯಿಂದಲೂ ಹೊಗೆ ಏಳುವುದಿಲ್ಲ. ನಾನು ಇದೂ ಅಜ್ಟೆಕರದ್ದೇ ಎಂದು ತಿಳಿದುಕೊಂಡಿದ್ದೆ. ಬಸ್ಸಿನಲ್ಲಿದ್ದ ಎಲ್ಲರೂ ಹಾಗೇ ತಿಳಿದಿದ್ದರು.

ರೂಪಾ ನೀರಿಗೆಂದು ಅಂಗಡಿಯ ಸಾಲಿನಲ್ಲಿ ನಿಂತಾಗ ಟೋಪಿಯ ಮುದುಕನೊಬ್ಬ ನನ್ನ ಹತ್ತಿರ ಬಂದ. ಅತ್ತಿತ್ತ ನೋಡಿ ಬಟ್ಟೆಯ ಗಂಟು ಬಿಚ್ಚಿದ. ಒಳಗೆ ಅಂಗೈಯಗಲದ ಮಣ್ಣಿನ ತಲೆ, ಕುತ್ತಿಗೆಯ ಹತ್ತಿರ ಮುರಿದದ್ದು. ನಾಯಿಯ ತಲೆ. ಕಡ್ಡಿಯ ತುದಿ ಒತ್ತಿ ಮಾಡಿದ ಗುಂಡುಕಣ್ಣು. ಮೊಂಡುಮೂತಿ. ದೇವರಾಣೆಗೂ ಅಕ್ಕನ ನಾಯಿ! ಸಾವಿರಾರು ಮೈಲಿ ಆಚೆಯ ಈ ದೇಶದಲ್ಲಿ ನಮ್ಮಪ್ಪನ ಬೆರಳು ಹೇಗೆ ಬಂತು? “ಅಜ್ಜನ ಹೊಲ. ಉಳುವಾಗ ಸಿಕ್ಕಿತು. ದೇವರಿಗೆ ಕೊಟ್ಟದ್ದು, ತುಂಬಾ ಹಳೆಯದು,” ಎಂದು ಮುದುಕ ಹರಕುಮುರುಕು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. ಮಂಕು ಕವಿದವನಂತೆ ಕೊಂಡುಬಿಟ್ಟೆ.

ಮುದುಕ ಹೋದ ಮೇಲೆ ಅವನ ಮಾತು ತಲೆಗೆ ಇಳಿಯಿತು. ದೇವರಿಗೆ ಕೊಟ್ಟದ್ದು! ಯಾರೋ ಮಗು ಉಳಿಯಲಿ ಎಂದು, ಯಾರೋ ಜ್ವರ ಬಿಡಲಿ ಎಂದು ಒಪ್ಪಿಸಿದ ಹರಕೆ ನನ್ನ ಚೀಲದಲ್ಲಿ, ನನ್ನ ಡ್ರಾಯಿಂಗಿನ ಪಕ್ಕದಲ್ಲಿ. ದೇವರಕಾಡಿನಿಂದ ಒಣಗಿದ ಪುಳ್ಳೆ ತಂದರೂ ಮನೆಗೆ ಕೇಡು ಎಂದು ಅಮ್ಮ ಹೇಳುತ್ತಿದ್ದದ್ದು ನೆನಪಾಯಿತು. ಅಕ್ಕನನ್ನು ಕಳ್ಳಿ ಮಾಡಿದವನು ನಾನು ಈಗ ಮಾಡಿದ್ದೇನು? ವಾಪಸು ಕೊಡಲು ಮುದುಕ ಕಾಣಲಿಲ್ಲ. ಕೊಡಬೇಕಾದ್ದು ದೇವರಿಗೇ ಅಲ್ಲವೇ ಎನಿಸಿತು. ಪಿರಮಿಡ್ಡಿನ ಬುಡದಲ್ಲಿ ಕಲ್ಲು ಸಡಿಲಾದ ಒಂದು ಮೂಲೆ ಹುಡುಕಿ, ಕೂತು, ಪೆನ್ಸಿಲ್ ಕೆತ್ತುವ ಚಾಕುವಿನಿಂದ ಗುಂಡಿ ತೋಡತೊಡಗಿದೆ.

ಆಗ ಬಂತು ಸೀಟಿ. ನಾಲ್ಕು ಕಡೆಯಿಂದ ಕಾವಲುಗಾರರು. ಕೈಯಲ್ಲಿ ಚಾಕು, ಮುಂದೆ ಗುಂಡಿ, ಪಕ್ಕದಲ್ಲಿ ಮಣ್ಣು ಮೆತ್ತಿದ ಪುರಾತನ ತಲೆ. ಸುತ್ತ ಪ್ರವಾಸಿಗಳು ಫೋನು ಹಿಡಿದು ನಿಂತರು. ಹೊರಗೆ ತೆಗೆಯುತ್ತಿಲ್ಲ, ಒಳಗೆ ಇಡುತ್ತಿದ್ದೇನೆ ಎಂದು ಯಾವ ಭಾಷೆಯಲ್ಲಿ ಹೇಳುವುದು? ಗಾಬರಿಯಲ್ಲಿ ಕನ್ನಡದಲ್ಲೇ, “ಹರಕೆ, ಹರಕೆ” ಎಂದು ಕೂಗಿದೆ. ರೂಪಾ ನೀರಿನ ಬಾಟಲಿ ಬಿಸಾಡಿ ಓಡಿಬಂದಳು.

ಕಚೇರಿಗೆ ಕರೆದೊಯ್ದರು. ಅಲ್ಲಿದ್ದವಳು ಮಾರ್ತಾ, ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು, ಆ ಜಾಗದ ಉಸ್ತುವಾರಿಯವಳು. ತಲೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಹೆಬ್ಬೆರಳಿಗೆ ಉಗುಳು ಮಾಡಿಕೊಂಡು ಒರೆಸಿದಳು. ಮೂಸಿದಳು. “ಕಳೆದ ತಿಂಗಳಿನದು. ಮೇಲಿರುವುದು ಬೂಟ್ ಪಾಲಿಶ್,” ಅಂದಳು. ನನ್ನ ಮುಖ ನೋಡಿ, ಮತ್ತೆ ಹಾಗಾದರೆ ಯಾಕೆ ಅಗೆಯುತ್ತಿದ್ದಿರಿ ಎಂದು ಕೇಳಿದಳು. ರೂಪಾ ಇಂಗ್ಲಿಷಿನಲ್ಲಿ ದೇವರಕಾಡು, ಅಯ್ಯಪ್ಪ, ನಾಯಿ ಎಲ್ಲವನ್ನೂ ವಿವರಿಸಿದಳು. ಮಾರ್ತಾ ನಕ್ಕ ನಗು ನಿಲ್ಲಲೇ ಇಲ್ಲ. ಕಣ್ಣೀರು ಒರೆಸಿಕೊಂಡು, “ಅಗೆದು ಒಯ್ಯುವ ಎಷ್ಟೋ ಜನರನ್ನು ಹಿಡಿದಿದ್ದೇನೆ. ಅಗೆದು ಇಡುವವರನ್ನು ಕಂಡದ್ದು ಇದೇ ಮೊದಲು,” ಅಂದಳು.

ಆಮೇಲೆ ಕಾಫಿ ತರಿಸಿ ಹೇಳಿದಳು. ಈ ಪಟ್ಟಣವನ್ನು ಕಟ್ಟಿದವರು ಅಜ್ಟೆಕರಲ್ಲ. ಅವರು ಕಣಿವೆಗೆ ಬರುವ ಹೊತ್ತಿಗೆ ಇದು ಹಾಳುಬಿದ್ದು ನೂರಾರು ವರ್ಷವಾಗಿತ್ತು. ಕಟ್ಟಿದವರು ಯಾರೆಂದು ಅವರಿಗೂ ಗೊತ್ತಿರಲಿಲ್ಲ. ದೇವರುಗಳು ಹುಟ್ಟಿದ ಜಾಗ ಎಂದು ನಂಬಿ ನಡೆದುಕೊಳ್ಳುತ್ತಿದ್ದರು.

“ನಡೆದುಕೊಂಡು ಏನು ಮಾಡುತ್ತಿದ್ದರು ಗೊತ್ತಾ?” ಮಾರ್ತಾ ನನ್ನ ಚಾಕುವನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೇಳಿದಳು. “ಅಗೆಯುತ್ತಿದ್ದರು. ಹಳಬರು ಹೂತಿಟ್ಟ ಕಲ್ಲಿನ ಮುಖಗಳನ್ನು ತೆಗೆದು ತಮ್ಮ ಊರಿಗೆ ಒಯ್ಯುತ್ತಿದ್ದರು.”

“ದೇವರಿಗೆ ಕೊಟ್ಟದ್ದನ್ನಾ?” ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

“ಹೌದು. ತಮ್ಮ ದೇವರಿಗೆ ಕೊಡುವುದಕ್ಕೆ.”

ಕೈಯಲ್ಲಿದ್ದ ಕಾಫಿ ತುಳುಕಿ ಪ್ಯಾಂಟಿನ ಮೇಲೆ ಬಿತ್ತು. ನಿನ್ನೆ ನಾನು ಚಪ್ಪಲಿ ಬಿಟ್ಟು ಕೈಮುಗಿದದ್ದು ಇಂಥವರ ಕೆಲಸಕ್ಕಾ? ಮಾರ್ತಾ ನಾಯಿತಲೆಯನ್ನು ನನ್ನ ಕೈಗೇ ವಾಪಸು ಕೊಟ್ಟು, ಇದಕ್ಕೆ ಯಾವ ಕಾನೂನೂ ಇಲ್ಲ, ಒಯ್ಯಿರಿ ಅಂದಳು. ನಾಳೆ ತನಗೆ ರಜ, ನಂಬಿಕೆಯಿಲ್ಲದಿದ್ದರೆ ಬನ್ನಿ, ಕಣ್ಣಾರೆ ತೋರಿಸುತ್ತೇನೆ ಎಂದಳು.

ಮಹಾದೇಗುಲ: ಹಳೆಯ ಮುಖಕ್ಕೆ ಹೊಸ ಬಣ್ಣ

ಅಜ್ಟೆಕರ ಮಹಾದೇಗುಲದ ತಳ ಈಗ ಊರಿನ ನಟ್ಟನಡುವೆ, ದೊಡ್ಡ ಇಗರ್ಜಿಯ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಬಿದ್ದಿದೆ. ಗುಡಿಯನ್ನು ಒಡೆದ ಕಲ್ಲನ್ನೇ ಇಗರ್ಜಿಗೂ ಹಾಕಿದರಂತೆ. ಒಂದು ಕಟ್ಟೆಯ ತುಂಬ ಸಾಲುಸಾಲು ಕಲ್ಲಿನ ಬುರುಡೆಗಳು. ಇಲ್ಲಿ ಮನುಷ್ಯರ ಎದೆ ಸೀಳಿ ಬಲಿ ಕೊಡುತ್ತಿದ್ದರೆಂದು ಮಾರ್ತಾ ಮಾಮೂಲು ದನಿಯಲ್ಲಿ ಹೇಳಿದಳು. ನಮ್ಮವರೂ ಒಂದು ಕಾಲಕ್ಕೆ ಏನೇನು ಕೊಟ್ಟಿದ್ದರೋ, ಮಣ್ಣಿನ ನಾಯಿಗೆ ಬಂದು ನಿಂತೆವಲ್ಲ, ಸದ್ಯ ಎನಿಸಿತು.

ಬದಿಯಲ್ಲಿ ಒಂದು ಪುಟ್ಟ ಕೆಂಪು ಗುಡಿ. ಅದರ ಇಳಿಜಾರು ಗೋಡೆ, ಮೇಲಿನ ಚೌಕಟ್ಟು ನೋಡಿ ನನ್ನಂಥ ದಡ್ಡನಿಗೂ ತಿಳಿಯಿತು: ನಿನ್ನೆ ಕಂಡ ಹಾಳು ಪಟ್ಟಣದ ಜಗಲಿಗಳದೇ ನಕಲು. ಬೇಕೆಂದೇ ಹಾಗೆ ಕಟ್ಟಿದ್ದರು. ಒಳಗಿನ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗಳಲ್ಲಿ ನೆಲದಡಿ ಸಿಕ್ಕ ಕಾಣಿಕೆಗಳಿದ್ದವು. ತಿಯೋತಿವಾಕಾನಿನ ಕಲ್ಲುಮುಖಗಳು. ಬೇರೆ ಸೀಮೆಯ ಹಳೆಯ ಕಲ್ಲುಬೊಂಬೆಗಳು, ಕೆಲವಕ್ಕೆ ಅಜ್ಟೆಕರು ತಮ್ಮ ಮಳೆದೇವರ ಬಣ್ಣ ಬಳಿದು ತಮ್ಮವಾಗಿ ಮಾಡಿಕೊಂಡಿದ್ದರು. ಇನ್ನೊಂದು ಪುಟ್ಟ ಹಸಿರು ಮುಖ, ಅಳುವ ಮಗುವಿನಂತೆ ತುಟಿ ಇಳಿಬಿಟ್ಟದ್ದು. ಅದು ಅಜ್ಟೆಕರ ಕಾಲಕ್ಕೇ ಎರಡು ಸಾವಿರ ವರ್ಷ ಹಳೆಯದು ಎಂದು ಮಾರ್ತಾ ಹೇಳಿದಳು. ಎಲ್ಲೋ ಯಾರಿಗೋ ಸಿಕ್ಕಿ, ಕೈಯಿಂದ ಕೈಗೆ ಬಂದು, ಇಲ್ಲಿ ದೇವರ ಕಾಲಡಿ ಸೇರಿತ್ತು.

ನನಗೆ ಮೋಸಹೋದ ಸಿಟ್ಟು ಬಂತು. “ಹಾಗಾದರೆ ಇವರು ಬರೀ ಕಾಪಿ ಹೊಡೆದವರು,” ಅಂದೆ. ರೂಪಾ ಅದನ್ನು ಮೆತ್ತಗೆ ಮಾಡದೆ ಇದ್ದಂತೆಯೇ ಇಂಗ್ಲಿಷಿಗೆ ತಿರುಗಿಸಿದಳು.

ಮಾರ್ತಾ ಬೇಸರಪಡಲಿಲ್ಲ. ನನ್ನ ಚಪ್ಪಲಿಯ ಕಥೆಯನ್ನು ರೂಪಾ ಅವಳಿಗೆ ದಾರಿಯಲ್ಲೇ ಹೇಳಿದ್ದಳು. “ನೀವು ಚಪ್ಪಲಿ ಬಿಟ್ಟ ಆ ತಾಯಿ, ಅವಳು ಹಳೆಯ ಪಟ್ಟಣದಲ್ಲಿ ಎಲ್ಲಿದ್ದಾಳೆ ತೋರಿಸಿ. ಹಾವು ಹಳೆಯದು, ಬುರುಡೆ ಹಳೆಯದು. ಅವಳು ಮಾತ್ರ ಇವರವಳು. ಹಳೆಯ ಮುಖಗಳನ್ನು ತೊಳೆದು ಬಣ್ಣ ಬಳಿದ ಜನವೇ ಅವಳನ್ನೂ ಕೆತ್ತಿದ್ದು.” ಆ ವಿಗ್ರಹದ ಅಡಿಭಾಗದಲ್ಲಿ, ನೆಲಕ್ಕೆ ಮುಖಮಾಡಿ ಯಾರ ಕಣ್ಣಿಗೂ ಬೀಳದ ಕಡೆಯಲ್ಲೂ ಒಂದು ದೇವರನ್ನು ಕೆತ್ತಿದ್ದಾರಂತೆ. ಅಂಥ ಕೆಲಸಗಾರರಿಗೆ ಅಜ್ಟೆಕರ ಭಾಷೆಯಲ್ಲಿದ್ದ ಹೆಸರು ತೋಲ್ತೆಕ. ತೋಲ್ತೆಕರು ಅವರಿಗಿಂತ ಹಿಂದೆ ಬಾಳಿ ಹೋದ ಜನ. ಒಬ್ಬನು ಚೆನ್ನಾಗಿ ಕೆತ್ತಿದರೆ, ನೀನು ಆ ಹಳಬರಂತೆ ಎನ್ನುವುದೇ ಹೊಗಳಿಕೆ.

ನಾನು ಅಲ್ಲೇ ಒಂದು ಕಟ್ಟೆಯ ಮೇಲೆ ಕೂತೆ. ಇಪ್ಪತ್ತೆಂಟು ವರ್ಷ ಹಾಕಿದ ಸೊನ್ನೆಗಳೆಲ್ಲ ಎದುರು ಬಂದು ನಿಂತವು. ಎಷ್ಟು ಮಕ್ಕಳು ಆ ಸೊನ್ನೆಯ ನಂತರ ಪೆನ್ಸಿಲ್ ಮುಟ್ಟಲಿಲ್ಲವೋ. ನೋಡಿ ಬರೆಯಬೇಡ ಅಂದೆನಲ್ಲ, ನೋಡದೆ ಯಾರು ತಾನೇ ಬರೆದಿದ್ದಾರೆ?

ರೂಪಾ ಪಕ್ಕದಲ್ಲಿ ಕೂತು, ಎರಡು ವರ್ಷದಲ್ಲಿ ಮೊದಲ ಸಲ ಆ ವಿಷಯ ಎತ್ತಿದಳು. “ಅವತ್ತು ಕಮಿಟಿಯಿಂದ ಮನೆಗೆ ಬಂದು ಅಮ್ಮ ಅಳ್ಲಿಲ್ಲ ಮಾವ. ಚಕ್ರ ತೊಳೆದ್ರು, ಒರೆಸಿದ್ರು, ಗೋಡೆಗೆ ಒರಗಿಸಿದ್ರು. ಹೆಣಕ್ಕೆ ಸ್ನಾನ ಮಾಡಿಸ್ದಂಗೆ ಮಾಡಿದ್ರು. ನಂಗೆ ನೋಡೋಕಾಗ್ಲಿಲ್ಲ.”

ನಾನು ಅವಳ ಕೈ ಹಿಡಿದುಕೊಂಡೆ.

ಕುಶಾಲನಗರ: ಅಕ್ಕನ ಕೊಟ್ಟಿಗೆ

ರೂಪಾಳ ತರಬೇತಿಯ ವಾರವಿಡೀ ನಾನು ಹೋಟೆಲಿನಲ್ಲಿ ಕೂತು ಅಕ್ಕನಿಗೆ ಹೇಳಬೇಕಾದ ಮಾತು ಹೊಂದಿಸಿದೆ. ಊರಿಗೆ ಬಂದ ಮಾರನೇ ಬೆಳಗ್ಗೆ ಚೀಲ ಹಿಡಿದು ಅವಳ ಮನೆಗೆ ಹೋದೆ. ಅವಳು ಕೊಟ್ಟಿಗೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಆ ಕೊಟ್ಟಿಗೆಗೆ ಕಾಲಿಡದೆ ವರ್ಷಗಳಾಗಿದ್ದವು. ಚಕ್ರ ಗೋಡೆಗೆ ಒರಗಿಕೊಂಡಿತ್ತು, ಅದರ ಮೇಲೆ ಜೇಡರ ಬಲೆ. ಅಕ್ಕ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಹೊಂದಿಸಿಕೊಂಡ ಮಾತೆಲ್ಲ ಮರೆತುಹೋಗಿ, ನಾಯಿಯ ತಲೆಯನ್ನು ಅವಳ ಮುಂದಿಟ್ಟೆ.

ಅವಳ ಕೈಯಿಂದ ಅವರೆಕಾಯಿ ಜಾರಿತು. ತಲೆಯನ್ನು ಎತ್ತಿಕೊಂಡಳು. ಕಣ್ಣು, ಮೂತಿ ಸವರಿದಳು. ನಾನು ನೋಡಿದ್ದು ಮುಖವನ್ನು ಮಾತ್ರ. ಅವಳು ತಿರುಗಿಸಿ, ಮುರಿದ ಕುತ್ತಿಗೆಯ ತೂತಿನಿಂದ ಒಳಗೆ ಇಣುಕಿದಳು. ಬೆರಳು ಹಾಕಿ ತಡಕಿದಳು. ಎದ್ದು ಬಾಗಿಲ ಬೆಳಕಿಗೆ ಹೋಗಿ ಮತ್ತೆ ನೋಡಿದಳು.

“ಯಾರು ಮಾಡಿದ್ದೋ ಇದನ್ನ?” ಎರಡು ವರ್ಷದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು.

“ಗೊತ್ತಿಲ್ಲಕ್ಕ. ಮಾರಿದ ಮುದುಕ ಹಳೇದು ಅಂತ ಸುಳ್ಳು ಹೇಳಿ ನಂಗೆ ಟೋಪಿ ಹಾಕ್ದ. ಹಳೇದನ್ನ ನೋಡ್ಕೊಂಡು ಮಾಡಿದ್ದಂತೆ, ನಕಲಿ.”

“ಮಾರಿದೋನು ಸುಳ್ಳ ಇರ್ಬೋದು. ಮಾಡಿದೋರಿಗೆ ಕೆಲ್ಸ ಗೊತ್ತೈತೆ.” ಅವಳು ತೂತನ್ನು ನನ್ನ ಕಡೆ ತಿರುಗಿಸಿದಳು. “ಕಿವಿ ಹೊರಗಿಂದ ಅಂಟ್ಸಿಲ್ಲ ಕಣೋ ಪುಟ್ಟ. ತಲೇಗೆ ತೂತು ಮಾಡಿ, ಕಿವಿ ಬುಡಾನ ಒಳಕ್ಕೆ ಬಿಟ್ಟು, ಒಳಗಿಂದ ಮೆತ್ತವ್ರೆ. ಅದ್ಕೇ ನಿಂತೈತೆ. ಅಪ್ಪನೂ ಹಿಂಗೇ ಮಾಡಿರ್ಬೇಕು. ನಾನು ಹನ್ನೊಂದು ವರ್ಷ ಹೊರಗಿಂದ ಅಂಟ್ಸಿ ಸತ್ತೆನಲ್ಲೋ!”

ಯಾರ ಹರಕೆಯನ್ನೂ ಒಡೆಯದೆ ಉತ್ತರ ಸಿಕ್ಕಿತ್ತು. ಅಕ್ಕ ಅಳುತ್ತಿದ್ದಳು, ನಗುತ್ತಲೂ ಇದ್ದಳು. ನನಗೂ ತಡೆಯಲಾಗಲಿಲ್ಲ. “ಅವತ್ತು ಕಳ್ಳತನ ಅಂದೆ. ತಪ್ಪಾಯ್ತಕ್ಕ,” ಅಂದೆ. “ನನ್ನ ನಾಯಿ ಬೇಡ. ಅಚ್ಚು ಬೇಡ ಅಂತ ಬೋಪಯ್ಯನೋರಿಗೆ ಹೇಳ್ತೀನಿ. ನೋಡು, ನಿನ್ನ ಮುಂದೇ ಹರಿದು ಹಾಕ್ತೀನಿ.” ಫೈಲಿನಿಂದ ಚಿತ್ರ ತೆಗೆದೆ.

ಅವಳು ಅದನ್ನು ನೋಡಲೇ ಇಲ್ಲ. “ಹರೀಬೇಡ, ಬಿಡು. ಅದೇನು ತೋರಿಸ್ತೀಯ, ನಂಗೆ ದಿನಾ ಕಾಣ್ತದೆ,” ಎಂದು ಗದ್ದದಿಂದ ಬಾಗಿಲ ಹಿಂದಿನ ಗೋಡೆ ತೋರಿಸಿದಳು.

ಅಲ್ಲಿ ಒಂದು ಹಳೆಯ ಕ್ಯಾಲೆಂಡರ್. ಯಾವುದೋ ದನದ ಹಿಂಡಿಯ ಅಂಗಡಿಯದು. ತಿಂಗಳುಗಳ ಹಾಳೆ ಎಂದೋ ಹರಿದುಹೋಗಿ ಚಿತ್ರ ಮಾತ್ರ ಉಳಿದಿತ್ತು, ಬಣ್ಣ ಮಾಸಿತ್ತು. ಎದೆ ಉಬ್ಬಿಸಿ, ಎರಡು ಕಿವಿ ನಿಗುರಿಸಿ, ನಾಲಗೆ ಚಾಚಿ, ಮುಂದಿನ ಎಡಗಾಲನ್ನು ಒಂದು ಹೆಜ್ಜೆ ಮುಂದಿಟ್ಟ ನಾಯಿ. ಮೂಲೆಯಲ್ಲಿ ನನ್ನದೇ ಕೆಂಪು ಇಂಕಿನ ಸೊನ್ನೆ. ಯಾವ ಹುಡುಗನ ಕೈಯಿಂದಲೋ ಕಿತ್ತುಕೊಂಡು ರೂಪಾಳಿಗೆ ಕೊಟ್ಟದ್ದು, ಪುಸ್ತಕದ ರಟ್ಟಾಗದೆ ಗೋಡೆಯಲ್ಲಿ ಉಳಿದಿತ್ತು. ಕೈಯಲ್ಲಿದ್ದ ಚಿತ್ರವನ್ನು ಅದರ ಪಕ್ಕ ಹಿಡಿದೆ. ಎದೆಯ ಮೇಲಿನ ಕೂದಲ ಸುಳಿ ಕೂಡ ಅದೇ ಕಡೆಗೆ ತಿರುಗಿತ್ತು. ನನ್ನ ಸ್ವಂತ ಕಲ್ಪನೆ! ಪಕ್ಕದ ಚಕ್ರವನ್ನು ಹಿಡಿದುಕೊಂಡೆ. ಆ ದೇಶದಲ್ಲಿ ಕಂಡ ಹಾವಾಗಲಿ ಬುರುಡೆಯಾಗಲಿ ನನ್ನನ್ನು ಅಷ್ಟು ನಡುಗಿಸಿರಲಿಲ್ಲ.

“ನಿಂಗೆ ಯಾವತ್ತು ಗೊತ್ತಾಯ್ತು?”

“ಅವತ್ತೇ. ಕಮಿಟೀಲಿ ನೀನು ಬಿಚ್ಚಿದ ಕೂಡ್ಲೆ.”

“ಮತ್ತೆ ಯಾಕೆ ಹೇಳ್ಲಿಲ್ಲ? ನಾನು ನಿನ್ನ ಹಂಗಂದಾಗ ಹೇಳ್ಬೋದಿತ್ತಲ್ಲ?”

ಅಕ್ಕ ನೆಲದ ಮೇಲೆ ಬಿದ್ದಿದ್ದ ಅವರೆಕಾಯಿ ಆಯ್ದುಕೊಳ್ಳುತ್ತಾ, “ಇಪ್ಪತ್ತು ಜನ ಇದ್ರಲ್ಲೋ,” ಅಂದಳು.

ಈ ವರ್ಷದ ಹರಕೆಗೆ ಅಚ್ಚು ಎರೆಯಲಿಲ್ಲ. ಅಕ್ಕ ಚಕ್ರ ಇಳಿಸಿದಳು, ನಾನು ಮಣ್ಣು ತುಳಿದೆ. ಕಲ್ಲು ಸರಿಯಾಗಿ ಆರಿಸಿಲ್ಲವೆಂದು ದಿನಕ್ಕೆ ನಾಲ್ಕು ಸಲ ಬೈಸಿಕೊಂಡೆ. ಆವಿಗೆ ಬಿಚ್ಚಿದ ದಿನ ಒಂದು ನಾಯಿಯ ಕಿವಿಯೂ ಉದುರಿರಲಿಲ್ಲ. ಆದರೆ ಅದೆಲ್ಲ ಆದದ್ದು ಆಮೇಲೆ. ಮೊದಲು ಬಂದದ್ದು ಭಾನುವಾರದ ಕಮಿಟಿ. ಬೋಪಯ್ಯನವರು, “ಬನ್ನಿ ಮೇಷ್ಟ್ರೇ, ಚಿತ್ರ ತಂದಿರಾ?” ಎಂದು ಮೇಜಿನ ಮೇಲೆ ಜಾಗ ಮಾಡಿಕೊಟ್ಟರು. ಅಕ್ಕ ಹಿಂದಿನ ಬೆಂಚಿನಲ್ಲಿದ್ದಳು. ನಾನು ಎದ್ದು ನಿಂತು ತಲೆ ಎಣಿಸಿದೆ. ಇಪ್ಪತ್ತಕ್ಕೆ ಇಬ್ಬರು ಕಮ್ಮಿಯಿದ್ದರು. ಅವರಿಬ್ಬರೂ ಬರುವವರೆಗೆ ಕಾದು, ಆಮೇಲೆ ಅಕ್ಕನ ಗೋಡೆಯಿಂದ ತಂದ ಕ್ಯಾಲೆಂಡರ್ ಬಿಚ್ಚಿದೆ.